ಜೆನೋವಾದ ಒಲೆಯೊಳಗೆ ನಮ್ಮ ಕಡ್ಲೆಹಿಟ್ಟು

ಅವ್ವ ಧಾರವಾಡದಿಂದ ಇಟಲಿಯ ಮಿಲಾನೋಗೆ ನನ್ನ ಹತ್ತಿರ ಬಂದು ಮೂರು ವಾರ ಆಗಿತ್ತು. ಸಮುದ್ರ ನೋಡಬೇಕು ಅಂದಳು. ಇಲ್ಲಿಂದ ರೈಲಿನಲ್ಲಿ ಎರಡು ತಾಸಿಗೆ ಸಿಗುವ ಸಮುದ್ರ ಅಂದರೆ ಜೆನೋವಾ. ಶನಿವಾರ ಬೆಳಿಗ್ಗೆ ಹೊರಟೆವು, ಭಾನುವಾರ ರಾತ್ರಿ ವಾಪಸ್.

ಬಸ್ಸಿನ ವಿಷಯ ಮೊದಲೇ ಹೇಳಿಬಿಡ್ತೀನಿ, ಅದು ಇನ್ನೂ ಮನಸ್ಸಿನಲ್ಲಿ ಚುಚ್ಚುತ್ತಿದೆ. ಅಂಗಡಿಯಲ್ಲಿ ಎರಡು ಕಾಗದದ ಟಿಕೆಟ್ ತಗೊಂಡು ಹತ್ತಿದೆವು. ಅವ್ವನಿಗೆ ಸೀಟು ಹುಡುಕುವ ಗಡಿಬಿಡಿಯಲ್ಲಿ ಅದನ್ನ ಬಾಗಿಲ ಹತ್ತಿರದ ಮೆಷಿನ್ನಿಗೆ ಹಾಕಿ ಮುದ್ರೆ ಒತ್ತಿಸುವುದು ಮರೆತೆ. ಎರಡನೇ ಸ್ಟಾಪಿನಲ್ಲಿ ತಪಾಸಣೆಯವರು ಹತ್ತಿದರು, ಇಬ್ಬರಿಗೂ ದಂಡ ಬಿತ್ತು. "ದುಡ್ಡು ಕೊಟ್ಟ ತಗೊಂಡೀವಲ್ಲವಾ, ಮತ್ತ್ಯಾಕ?" ಅಂತ ಅವ್ವ ಎಲ್ಲರ ಮುಂದೆ ಕೇಳುತ್ತಿದ್ದರೆ ನನಗೆ ಕಣ್ಣಲ್ಲಿ ನೀರು. ಮುದ್ರೆ ಇಲ್ಲದ ಟಿಕೆಟ್ ಇದ್ದೂ ಇಲ್ಲದ ಹಾಗೆ. ಹತ್ತಿದ ಕೂಡಲೇ ಅದೊಂದು ಕೆಲಸ ಮೊದಲು ಮಾಡಿ.

ಆಮೇಲೆ ಬಸ್ಸೇ ಬೇಡ ಅಂತ ನಡೆದೆವು. ಅದೇ ಒಳ್ಳೆಯದಾಯಿತು. ಹಳೆ ಊರಿನ ಓಣಿಗಳಿಗೆ ಇಲ್ಲಿ ಕರುಜ್ಜಿ ಅಂತಾರೆ. ಕೆಲವು ಕಡೆ ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ, ಮೇಲೆ ಆರೇಳು ಅಂತಸ್ತು, ಅದರ ಮೇಲೆ ದಾರದಷ್ಟು ಆಕಾಶ. ಸಾನ್ ಲೊರೆಂಜೊ ದೊಡ್ಡ ಚರ್ಚಿನ ಒಳಗೆ ಒಂದು ಫಿರಂಗಿ ಶೆಲ್ ನಿಲ್ಲಿಸಿದ್ದಾರೆ. 1941ರ ಫೆಬ್ರವರಿ 9ರಂದು ಬ್ರಿಟಿಷ್ ನೌಕಾಪಡೆ ಊರಿನ ಮೇಲೆ ಗುಂಡು ಹಾರಿಸಿದಾಗ ಅದು ಗೋಡೆ ಒಡೆದು ಒಳಗೆ ಬಿತ್ತು, ಸಿಡಿಯಲಿಲ್ಲ. ಅವ್ವ ಅದರ ಮುಂದೆ ಕೈ ಮುಗಿದಳು.

ಸಂಜೆ ಹಸಿವಾಗಿ ಸೊತ್ತೊರೀಪಾ ಅನ್ನೋ ಹಳೇ ಕಮಾನುಸಾಲಿನ ಹತ್ತಿರ ಸುಮ್ನೆ ಒಂದು ಅಂಗಡಿಗೆ ನುಗ್ಗಿದೆವು. ಒಳಗೆ ಕಟ್ಟಿಗೆ ಒಲೆ. ಬಾಗಿಲಲ್ಲೇ ನಿಂತ ಅವ್ವ ಮೂಗು ಅರಳಿಸಿದಳು.

"ಇದು ಕಡ್ಲಿಹಿಟ್ಟಿನ ವಾಸನಿ ಐತಿ ನೋಡು."

ಹೌದು, ಕಡ್ಲೆಹಿಟ್ಟೇ. ಎತ್ತಿನಗಾಡಿ ಚಕ್ರದಂಥ ಅಗಲವಾದ ತಾಮ್ರದ ತಟ್ಟೆ, ಒಳಗೆ ಕಲಾಯಿ, ಅದರಲ್ಲಿ ತೆಳ್ಳಗೆ ಹರಡಿದ ಹಿಟ್ಟು, ಮೇಲೆ ಬಂಗಾರದ ಬಣ್ಣ. ಇದರ ಹೆಸರು ಫರಿನಾತಾ. ಕಡ್ಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಇಷ್ಟೇ. ಕತ್ತರಿಸಿ ಕಾಗದದ ಮೇಲಿಟ್ಟು ಕರಿಮೆಣಸಿನ ಪುಡಿ ಉದುರಿಸಿ ಕೊಟ್ಟರು. ಅಂಚು ಗರಿಗರಿ, ನಡುವೆ ಬೆಣ್ಣೆಯಷ್ಟು ಮೆತ್ತಗೆ. ಆ ಊರಿನ ಫೊಕಾಚ್ಚಾ ರೊಟ್ಟಿಯನ್ನೂ ತಿಂದೆ, ಪೆಸ್ತೊ ಅನ್ನೋ ಹಸಿರು ಚಟ್ನಿಯನ್ನೂ ತಿಂದೆ, ಎರಡೂ ಚೆನ್ನಾಗಿವೆ. ಆದರೆ ಇದರ ಮುಂದೆ ನನಗೆ ಅವು ಏನೂ ಅಲ್ಲ.

ಒಲೆಯ ಮುಂದಿದ್ದವರಿಗೆ ಅರವತ್ತರ ಮೇಲೆ ವಯಸ್ಸು. ಅವ್ವ ಬಿಡಲಿಲ್ಲ. ನಾನು ನಡುವೆ ನಿಂತು ಅನುವಾದ ಮಾಡಿದೆ.

"ಸೋಡಾ ಹಾಕ್ತೀರೇನ್ರಿ?"

ಇಲ್ಲವಂತೆ. ಒಂದು ಪಾಲು ಹಿಟ್ಟಿಗೆ ಮೂರು ಪಾಲು ನೀರು, ಕನಿಷ್ಠ ನಾಲ್ಕೈದು ತಾಸು ಬಿಡಬೇಕು, ಮೇಲೆ ಬಂದ ನೊರೆಯನ್ನೆಲ್ಲ ಚಮಚದಿಂದ ತೆಗೆಯಬೇಕು. ಅವಸರ ಮಾಡಿದರೆ ಕೆಟ್ಟಿತು ಅಂದರು. ಅವ್ವ ಹಿಟ್ಟು ತರಿಸಿಕೊಂಡು ಬೆರಳಲ್ಲಿ ಉಜ್ಜಿ ನೋಡಿದಳು. ನಮ್ಮದು ಕಡ್ಲೆಬೇಳೆಯ ಹಿಟ್ಟು, ಅವರದು ಕಾಬೂಲಿ ಕಡ್ಲೆಯದು.

ನೀವು ಇದರಿಂದ ಏನು ಮಾಡ್ತೀರಿ ಅಂತ ಅವರು ಕೇಳಿದರು. ಅವ್ವ ಬೆರಳು ಮಡಚುತ್ತಾ ಹೋದಳು: ಭಜಿ, ಝುಣಕ, ಝುಣಕದ ವಡಿ, ಬೂಂದಿ, ಮೈಸೂರ್ ಪಾಕ್. ಮೈಸೂರ್ ಪಾಕ್ ಹತ್ತಿರ ಅವರು ತಡೆದರು. ಸಕ್ಕರೆಯಾ, ಕಡ್ಲೆಹಿಟ್ಟಿಗಾ ಅಂತ ಎರಡು ಸಲ ನನ್ನನ್ನೇ ಕೇಳಿದರು. ತುಪ್ಪವೂ ಹೌದು ಅಂದೆ. ಒಲೆಯ ಕಡೆ ತಿರುಗಿ ಸ್ವಲ್ಪ ಹೊತ್ತು ಯೋಚಿಸುತ್ತಾ ನಿಂತರು. ಆಮೇಲೆ ಅವರ ಕಥೆ ಹೇಳಿದರು.

1284ರಲ್ಲಿ ಮೆಲೋರಿಯಾ ಅನ್ನೋ ಕಡೆ ಜೆನೋವಾದವರು ಪೀಸಾ ಊರಿನ ಹಡಗುಗಳನ್ನ ಸೋಲಿಸಿದರು. ವಾಪಸ್ ಬರುವಾಗ ಬಿರುಗಾಳಿ. ಹಡಗಿನಲ್ಲಿದ್ದ ಕಡ್ಲೆಹಿಟ್ಟಿನ ಚೀಲ, ಎಣ್ಣೆಯ ಪೀಪಾಯಿ ಉರುಳಿ ಎಲ್ಲ ಸಮುದ್ರದ ನೀರಿನಲ್ಲಿ ಕಲಸಿಹೋಯಿತು. ಬೇರೆ ಊಟ ಇಲ್ಲ, ಅದನ್ನೇ ಬಿಸಿಲಿಗೆ ಒಣಗಿಸಿ ತಿಂದರು. ಸೋತವರನ್ನ ಹಂಗಿಸಲು ಅದನ್ನ 'ಪೀಸಾದ ಬಂಗಾರ' ಅಂದರಂತೆ. ನಿಜವೋ ಸುಳ್ಳೋ, ಅವರು ಮಾತ್ರ ಮನೆಯ ಹಿರಿಯರ ಸುದ್ದಿ ಹೇಳುವ ಹಾಗೆ ಹೇಳಿದರು. ಅವ್ವ ಇನ್ನೊಂದು ತುಂಡು ತಿನ್ನುತ್ತಾ, "ನಾವು ಒಲಿ ಮ್ಯಾಲ ಮಾಡತೀವಿ, ಇವರು ಒಲಿ ಒಳಗ ಮಾಡತಾರ, ಅಷ್ಟ" ಅಂದಳು. ಅದನ್ನೂ ಅನುವಾದ ಮಾಡಿದೆ. ಅವರು ಅವ್ವನ ಕೈ ಹಿಡಿದು ಕುಲುಕಿದರು.

ಭಾನುವಾರ ಬೊಕ್ಕಾದಾಸ್ಸೆಯ ಬೆಸ್ತರ ಕೇರಿಗೆ ಹೋದೆವು, ಅವ್ವ ಕಾಲು ನೆನೆಸಿದಳು. 1992ರಲ್ಲಿ ಶುರುವಾದ ದೊಡ್ಡ ಅಕ್ವೇರಿಯಂ ಮುಂದೆ ಸಾಲು ನೋಡಿ ಬಿಟ್ಟೆವು, ಬೇಜಾರೇನೂ ಇಲ್ಲ.

ನನಗೆ ನೋಡಬೇಕಿದ್ದದ್ದು ಸಾನ್ ಜೊರ್ಜೊ ಅರಮನೆ. 1260ರಲ್ಲಿ ಕಟ್ಟಿದ್ದು, ಬಂದರಿನ ಕಡೆಯ ಗೋಡೆ ತುಂಬ ಬಣ್ಣದ ಚಿತ್ರ. ಅದರ ಮೂಗಿನ ಮುಂದೆಯೇ 1960ರ ದಶಕದಲ್ಲಿ ಎತ್ತರದ ಕಾಂಕ್ರೀಟ್ ರಸ್ತೆ ಹಾಯಿಸಿದ್ದಾರೆ. ಅರಮನೆಗೂ ನೀರಿಗೂ ನಡುವೆ ಇಡೀ ದಿನ ಕಾರಿನ ಸದ್ದು. ಇಷ್ಟು ಚೆಂದದ ಊರಿಗೆ ಹೀಗೆ ಮಾಡಬಾರದಿತ್ತು.

ಮಾರ್ಕೊ ಪೋಲೊ 1298ರಲ್ಲಿ ಕೈದಿಯಾಗಿದ್ದದ್ದು ಇದೇ ಕಟ್ಟಡದಲ್ಲಿ ಅಂತಾರೆ. ಅವನು ಹೇಳಿದ್ದನ್ನ ಬರೆದುಕೊಂಡವನು ಜೊತೆಯ ಕೈದಿ, ರುಸ್ತಿಕೆಲ್ಲೊ. ಪೀಸಾದವನು. ಆ ಹೆಸರು ಮೊದಲೇ ಗೊತ್ತಿತ್ತು, ಆದರೆ ಗೋಡೆಯ ಮುಂದೆ ನಿಂತಾಗ ಹಿಂದಿನ ಸಂಜೆಯ ಕಥೆ ನೆನಪಾಯಿತು. ಅವನು ಸೆರೆಸಿಕ್ಕಿದ್ದು ಅದೇ ಮೆಲೋರಿಯಾದಲ್ಲಿ ಇರಬೇಕು ಅನ್ನುತ್ತಾರೆ. ಹಾಗಿದ್ದರೆ ಹದಿನಾಲ್ಕು ವರ್ಷ ಸೆರೆಯಲ್ಲಿದ್ದವನು, ತಾನು ನೋಡದ ದೇಶಗಳ ಬಗ್ಗೆ ಬರೆಯುತ್ತಾ ಕೂತಿದ್ದ. ಮಲಬಾರಿನ ಕರಾವಳಿ, ಅಲ್ಲಿನ ಶುಂಠಿ, ಅಲ್ಲಿನ ಮೆಣಸು.

ಅವ್ವನಿಗೆ ಇದನ್ನೆಲ್ಲ ಹೇಳಿದೆ. ಅವಳು ತುಂಬಾ ಹೊತ್ತು ಕಿಟಕಿಗಳನ್ನ ನೋಡಿದಳು. "ಪಾಪ, ಯಾರ ಮನಿ ಮಗನೋ. ಅವಗ ಉಣ್ಣಾಕ ಏನ ಕೊಡತಿದ್ದರವಾ?" ಅಂದಳು. ನನಗೆ ಉತ್ತರ ಗೊತ್ತಿರಲಿಲ್ಲ.

ರೈಲು ಹಿಡಿಯುವ ಮುಂಚೆ ಎರಡು ಕಿಲೋ ಕಡ್ಲೆಹಿಟ್ಟು ಕೊಂಡಳು. ನಿನ್ನೆ ರಾತ್ರಿ ದೊಡ್ಡ ಪಾತ್ರೆಯಲ್ಲಿ ಕಲಸಿಟ್ಟಿದ್ದಾಳೆ. ಬೆಳಿಗ್ಗೆ ಎದ್ದಾಗ ಮೇಲೆ ನೊರೆ ನಿಂತಿತ್ತು, ಅವ್ವ ಚಮಚ ಹಿಡಿದು ಕೂತಿದ್ದಳು.