ಹದಿನೇಳರ ಮಗ್ಗಿ ಮತ್ತು ನಾಲೆ ಏರಿ: ಕಾವೇರಿ ಟ್ರೇಲ್ ಮ್ಯಾರಥಾನಿಗೆ ಹದಿನಾರು ವಾರ

16 ವಾರ ಬಾಕಿ

ಎರಡು ವರ್ಷ ಅರ್ಧ ಮ್ಯಾರಥಾನ್ ಓಡಿದ್ದಾಯಿತು, ಈ ಸಲ ಪೂರ್ತಿ ಅಂತ ಹೆಸರು ಕೊಟ್ಟುಬಿಟ್ಟಿದ್ದೇನೆ. ದುಡ್ಡು ಕಟ್ಟಿದ ಮೇಲೆ ಮನೆಯಲ್ಲಿ ಹೇಳಿದೆ.

ಓಟ ನಡೆಯುವುದು ಶ್ರೀರಂಗಪಟ್ಟಣದ ಹತ್ತಿರ, ರಂಗನತಿಟ್ಟಿನ ಮಗ್ಗುಲಲ್ಲಿ, ಸೆಪ್ಟೆಂಬರಿನಲ್ಲಿ. 2007ರಲ್ಲಿ ಶುರುವಾದದ್ದು. ಬೆಂಗಳೂರಿನವರಿಗೆ ಅದು ಟ್ರೇಲು, ಮಂಡ್ಯದ ನಮಗೆ ಅದು ಬರೀ ನಾಲೆ ಏರಿ. ದಾರಿಯಲ್ಲಿ ಗೋಜಲಿಲ್ಲ. ಮಣ್ಣಿನ ಏರಿ ಮೇಲೆ ಹತ್ತೂವರೆ ಕಿ.ಮೀ. ಹೋಗಿ, ತಿರುಗಿ, ಬಂದರೆ ಅರ್ಧ. ಪೂರ್ತಿಯವರು ಅದನ್ನೇ ಇನ್ನೊಂದು ಸುತ್ತು ಹಾಕಬೇಕು. ಎರಡು ವರ್ಷವೂ ನಾನು ಮೆಡಲು ಹಾಕಿಕೊಂಡು ತಿಂಡಿ ತಟ್ಟೆ ಹಿಡಿದು ನಿಂತಿದ್ದಾಗ, ಪೂರ್ತಿಯವರು ನಮ್ಮ ಕಣ್ಣೆದುರೇ ಬಂದು, ತಲೆ ಮೇಲೆ ಒಂದು ಲೋಟ ನೀರು ಸುರಿದುಕೊಂಡು, ತಿರುಗಿ ಬಿಸಿಲಿಗೆ ಹೋಗುತ್ತಿದ್ದರು. ಹೊಟ್ಟೆಕಿಚ್ಚಾಗಿತ್ತು.

ನನ್ನ ಲೆಕ್ಕ: ವಯಸ್ಸು 47, ತೂಕ 71 ಕೆಜಿ, ಕೆಲಸ ಗೊಬ್ಬರದ ಅಂಗಡಿ, ಅರ್ಧ ಮ್ಯಾರಥಾನಿನ ಒಳ್ಳೆ ಸಮಯ 2 ಗಂಟೆ 14 ನಿಮಿಷ. ಗುರಿ ಐದು ಗಂಟೆ. 42.195 ಕಿ.ಮೀ.ಗೆ ಭಾಗಿಸಿದರೆ ಕಿಲೋಮೀಟರಿಗೆ 7 ನಿಮಿಷ 7 ಸೆಕೆಂಡು. ಕಾಗದದ ಮೇಲೆ ಬಹಳ ಸುಲಭ.

14 ವಾರ

ವಾರಕ್ಕೆ ನಾಲ್ಕು ದಿನ, ಒಟ್ಟು 34 ಕಿ.ಮೀ. ಭಾನುವಾರ ಉದ್ದದ ಓಟ. ನಾನು ಓಡುವುದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ ಮೇಲೆ. ಹಳೇ ಕಾಲದವರು ಇನ್ನೂ ಇರ್ವಿನ್ ನಾಲೆ ಅನ್ನುವುದುಂಟು. ಜೂನ್ ಆದ್ದರಿಂದ ನಾಲೆಯಲ್ಲಿ ನೀರಿಲ್ಲ, ತಳದಲ್ಲಿ ಮೇಕೆ ಮೇಯುತ್ತಿವೆ.

ನಿಧಾನವಾಗಿ ಓಡುವುದೇ ಕಷ್ಟ. ಉದ್ದದ ಓಟದಲ್ಲಿ ಮಾತಾಡಿಕೊಂಡು ಹೋಗುವಷ್ಟು ನಿಧಾನ ಇರಬೇಕು, ಮಾತು ತುಂಡಾದರೆ ವೇಗ ಜಾಸ್ತಿ ಅಂತ ಅರ್ಥ. ನಾನು ಒಬ್ಬನೇ ಓಡುವವನು, ಯಾರ ಜೊತೆ ಮಾತಾಡಲಿ? ಅದಕ್ಕೆ ಮಗ್ಗಿ ಹಿಡಿದುಕೊಂಡಿದ್ದೇನೆ, ಅದೂ ಹದಿನೇಳರದ್ದು. ಎರಡು-ಮೂರರದ್ದಾದರೆ ನಿದ್ದೆಯಲ್ಲೂ ಬರುತ್ತದೆ, ಪರೀಕ್ಷೆಯಾಗುವುದಿಲ್ಲ. ಹದಿನೇಳೊಂದ್ಲ ಹದಿನೇಳು, ಹದಿನೇಳೆರಡ್ಲ ಮೂವತ್ನಾಲ್ಕು. ಹತ್ತರ ತನಕ ಉಸಿರು ಕಟ್ಟದೆ ಬಂದರೆ ವೇಗ ಸರಿ. ಮೊನ್ನೆ ಹುಲ್ಲಿನ ಹೊರೆ ಹೊತ್ತುಕೊಂಡು ಎದುರಿಗೆ ಬಂದ ಅಜ್ಜಿಯೊಬ್ಬರು ಹಾಗೇ ನಿಂತು ನೋಡಿದರು. ಒಂಟಿಯಾಗಿ ಗೊಣಗಿಕೊಂಡು ಓಡುವ ಗಂಡಸನ್ನು ಕಂಡರೆ ಯಾರಿಗಾದರೂ ಅನುಮಾನವೇ.

"ಯಾಕ್ ಸಾರ್, ಬಸ್ ತಪ್ಪೋಯ್ತಾ?" ಅನ್ನುವುದು ದಿನಕ್ಕೆ ಒಬ್ಬರಾದರೂ ಇದ್ದೇ ಇದ್ದಾರೆ. ಅವ್ವನದು ಬೇರೆ: "ಯಾವ ಸಾಲದೋನು ಅಟ್ಟುಸ್ಕಂಡ್ ಬತ್ತಾವ್ನೆ ಅಂತ ಹಿಂಗ್ ಓಡೀಯೆ ಮಗ?"

11 ವಾರ

24 ಕಿ.ಮೀ. ಮುಗಿಸಿದೆ, ಇಲ್ಲಿಯವರೆಗೆ ಜೀವನದಲ್ಲೇ ಉದ್ದದ್ದು. ಈ ವಾರ ಇನ್ನೊಂದು ಕೆಲಸ ಮಾಡಿದೆ. ಅಂಗಡಿಯಲ್ಲಿ ಮೂಟೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಇದೆಯಲ್ಲ, ಇನ್ನೊಂದು ದಿನ ಓಡುವ ಮುಂಚೆ ಅದರ ಮೇಲೆ ಚಡ್ಡಿಯಲ್ಲಿ ನಿಂತೆ (ಷಟರ್ ಅರ್ಧ ಇಳಿಸಿ). 71.4 ಕೆಜಿ. ಎರಡೂವರೆ ಗಂಟೆ ಓಡಿ, ಅರ್ಧ ಲೀಟರ್ ನೀರು ಕುಡಿದು, ಬಂದು ಮೈ ಒರೆಸಿಕೊಂಡು ನಿಂತರೆ 69.6. ಕಳೆದದ್ದು 1.8, ಅದಕ್ಕೆ ಕುಡಿದ ಅರ್ಧ ಸೇರಿಸಿದರೆ 2.3 ಲೀಟರು ಬೆವರು. ಗಂಟೆಗೆ ಹತ್ತಿರ ಹತ್ತಿರ ಒಂದು ಲೀಟರು! ಕಪ್ಪು ಟೀ ಶರ್ಟಿನ ಮೇಲೆ ಉಪ್ಪಿನ ಗೆರೆ ನಕಾಶೆ ಬರೆದ ಹಾಗೆ ನಿಂತಿತ್ತು.

ಹಾಗಂತ ಹೋದದ್ದನ್ನೆಲ್ಲ ಬರೀ ನೀರಾಗಿ ವಾಪಸ್ ಕುಡಿಯುವುದೂ ಅಪಾಯ. ಉಪ್ಪಿಲ್ಲದ ನೀರನ್ನೇ ಸುರಿದುಕೊಂಡರೆ ರಕ್ತದಲ್ಲಿ ಸೋಡಿಯಂ ತೆಳುವಾಗಿ ತಲೆ ಸುತ್ತು, ವಾಂತಿ, ಇನ್ನೂ ಮುಂದೆ ಹೋದರೆ ಆಸ್ಪತ್ರೆ. ನಾನು ಆರಿಸಿಕೊಂಡದ್ದು ಔಷಧಿ ಅಂಗಡಿಯ ಓ.ಆರ್.ಎಸ್. ಪೊಟ್ಟಣ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದು ಒಂದು ಲೀಟರಿಗೆ 2.6 ಗ್ರಾಂ ಅಡುಗೆ ಉಪ್ಪು, 13.5 ಗ್ರಾಂ ಗ್ಲೂಕೋಸು. ಬೆಂಗಳೂರಿನ ಹುಡುಗರು ಹಿಂಡಿಕೊಂಡು ತಿನ್ನುವ ಜೆಲ್ಲು ಒಂದು ಸಲ ನೋಡಿದ್ದೇನೆ, ನನಗದು ಗೋಂದಿನ ಹಾಗಾಯಿತು. ನಾನು ಜೇಬಲ್ಲಿಟ್ಟುಕೊಳ್ಳುವುದು ಬೆಲ್ಲದ ಚೂರು. ಮಂಡ್ಯದವನು ಬೆಲ್ಲ ಬಿಟ್ಟು ಪ್ಲಾಸ್ಟಿಕ್ ಪೊಟ್ಟಣ ಹಿಂಡುತ್ತ ಓಡಿದರೆ ಆಲೆಮನೆಯವರ ಮುಂದೆ ತಲೆ ಎತ್ತುವುದು ಹೇಗೆ.

9 ವಾರ

ಕೆಟ್ಟ ವಾರ. 26 ಕಿ.ಮೀ. ಓಟದಲ್ಲಿ 19ಕ್ಕೆ ಎಡ ಮೊಣಕಾಲಿನ ಹೊರಮಗ್ಗುಲಲ್ಲಿ ಸೂಜಿ ಚುಚ್ಚಿದ ಹಾಗಾಯಿತು, 22ಕ್ಕೆ ಕಾಲು ಮಡಚಲು ಆಗಲಿಲ್ಲ. ಉಳಿದದ್ದನ್ನು ಕುಂಟಿಕೊಂಡು, ಕೊನೆಗೆ ಕಬ್ಬಿನ ಗದ್ದೆಗೆ ಹೊರಟಿದ್ದ ಒಬ್ಬರ ಟಿವಿಎಸ್ ಹಿಂದೆ ಕೂತು ಬಂದೆ.

ಫಿಸಿಯೊ ಮಂಚದ ಮೇಲೆ ಮಲಗಿಸಿ ಅಲ್ಲಿ ಇಲ್ಲಿ ಒತ್ತಿ, ಸೊಂಟದಿಂದ ಮೊಣಕಾಲಿಗೆ ಬರುವ ಪಟ್ಟಿ ಉಜ್ಜಿ ಉಜ್ಜಿ ಕೆರಳಿದೆ ಅಂದರು. ಆಮೇಲೆ ಕೇಳಿದ ಪ್ರಶ್ನೆ: "ರಸ್ತೆಯ ಯಾವ ಬದಿಯಲ್ಲಿ ಓಡ್ತೀರಿ?" ಎಡಕ್ಕೆ, ಮತ್ತೆಲ್ಲಿ! ಹೋಗುವಾಗಲೂ ಎಡ, ಬರುವಾಗಲೂ ಎಡ, ಗಾಡಿ ಓಡಿಸಿದ ಅಭ್ಯಾಸ. ಮನೆಗೆ ಬಂದ ಮೇಲೆ ಹೊಳೆಯಿತು. ಏರಿ ನಡುವೆ ಉಬ್ಬಿ ಎರಡೂ ಕಡೆ ಇಳಿಜಾರಾಗಿರುತ್ತದೆ. ಎಡಗಡೆ ಅಂಚಲ್ಲೇ ಓಡಿದರೆ ಹೋಗುವಾಗಲೂ ಬರುವಾಗಲೂ ತಗ್ಗಿಗೆ ಬೀಳುವುದು ಎಡಗಾಲೇ. ಎರಡು ತಿಂಗಳು ನಾನು ಒಂದು ಕಾಲು ಗಿಡ್ಡ ಇರುವವನ ಹಾಗೆ ಓಡಿದ್ದೇನೆ.

ಒಂಬತ್ತು ದಿನ ಓಟ ಬಂದ್. ದಿನಾ ರಾತ್ರಿ ಚಾಪೆ ಮೇಲೆ ಮಗ್ಗುಲಾಗಿ ಮಲಗಿ ಕಾಲು ಮೇಲೆತ್ತಿ ಇಳಿಸುವ ಕಸರತ್ತು, ಕಡೆಗೆ ಹದಿನೈದರಂತೆ ಮೂರು ಸಲ. ಮನೆಯವಳು ಧಾರಾವಾಹಿ ನೋಡುತ್ತ, "ಏನ್ರೀ, ಟಿವಿಗೆ ಅಡ್ಡ ಬರ್ತಾ ಅದೆ ನಿಮ್ ಕಾಲು" ಅಂದಳು.

8ರಿಂದ 5 ವಾರ

ನೋವು ಇಳಿಯಿತು. ಈಗ ಹೋಗುವಾಗ ನಾಲೆ ಕಡೆಯ ಅಂಚು, ಬರುವಾಗಲೂ ಅದೇ ಅಂಚು. ಅಲ್ಲಿಗೆ ಒಂದು ಸಲ ಎಡಗಾಲಿಗೆ ತಗ್ಗು, ಇನ್ನೊಂದು ಸಲ ಬಲಗಾಲಿಗೆ. ಭಾನುವಾರದ ಓಟ 18, 22, 26, 28 ಕಿ.ಮೀ.

ಮಡಿಕೇರಿ ಕಡೆ ಮಳೆ ಹಿಡಿದು ಕೆ.ಆರ್.ಎಸ್. ಏರುತ್ತಿದೆ. ಅಂಗಡಿಗೆ ಬರುವವರ ಬಾಯಲ್ಲೆಲ್ಲ ಅಡಿ ಲೆಕ್ಕ, ತುಂಬುವುದು 124.80ಕ್ಕೆ. ನಾಲೆಗೆ ನೀರು ಬಿಟ್ಟ ಮೇಲೆ ಓಟದ ಸುಖವೇ ಬೇರೆ, ಮೈ ಪಕ್ಕದಲ್ಲೇ ತಂಪು ಹರಿಯುತ್ತದೆ, ಸೋಪಾನದಲ್ಲಿ ಬಟ್ಟೆ ಒಗೆಯುವ ಸದ್ದು ದೂರದಿಂದಲೇ ಕೇಳುತ್ತದೆ. ಆದರೆ ಮಳೆ ಬಿದ್ದ ಮಾರನೇ ದಿನ ಏರಿ ಮಣ್ಣು ಶೂಗೆ ಮೆತ್ತಿಕೊಂಡರೆ ಒಂದೊಂದು ಕಾಲಿಗೆ ಅರ್ಧ ಕೆಜಿ. ಕೆದಕಲು ಒಂದು ಕಡ್ಡಿ ಸಿಕ್ಕಿಸಿಕೊಂಡೇ ಹೋಗುತ್ತೇನೆ. ನಾಯಿಗಳಿಗೂ ಅದೇ ಕಡ್ಡಿ ಸಾಕು, ತೋರಿಸಿ ನಿಧಾನ ನಡೆದರೆ ಸುಮ್ಮನಾಗುತ್ತವೆ. ಓಡಿದರೆ ಮಾತ್ರ ಅವಕ್ಕೂ ಓಡುವ ಹುಮ್ಮಸ್ಸು ಬರುತ್ತದೆ.

3 ವಾರ

32 ಕಿ.ಮೀ. ನಾಲ್ಕು ಗಂಟೆಗೆ ಹತ್ತು ನಿಮಿಷ ಹೆಚ್ಚು ಹಿಡಿಯಿತು. ಮಗ್ಗಿ ಕೊನೆಯವರೆಗೂ ಸರಾಗ. ಇದೇ ನನ್ನ ತಲೆ ಕೆಡಿಸಿತು ಅಂತ ಈಗ ಅನಿಸುತ್ತದೆ. ಮನೆಗೆ ಬಂದು ಎರಡು ಮುದ್ದೆ ಉಂಡು, ಐದು ಗಂಟೆ ಏನು, ನಾಲ್ಕು ಮುಕ್ಕಾಲಿಗೇ ಮುಗಿಸಬಹುದು ಅಂತ ಡೈರಿಯಲ್ಲಿ ಬರೆದಿದ್ದೇನೆ. ಅಕ್ಷರ ಬೇರೆ ದಪ್ಪಗಿದೆ.

ಇನ್ನು ಓಟದ ದೂರ ಇಳಿಸುವ ವಾರಗಳು: 40, 28, 12 ಕಿ.ಮೀ.

ಓಟದ ದಿನ

ನಾಲ್ಕು ಗಂಟೆಗೆ ಮಂಡ್ಯ ಬಿಟ್ಟೆ. ಕತ್ತಲಲ್ಲಿ ಮೊಬೈಲ್ ಬೆಳಕು ಹಿಡಿದು ಜನ ಮೈಗೆ ವ್ಯಾಸಲೀನ್ ಬಳಿದುಕೊಳ್ಳುತ್ತಿದ್ದರು. ಎದೆಯ ಎರಡೂ ತೊಟ್ಟಿಗೆ ಬಟ್ಟೆ ಪ್ಲಾಸ್ಟರ್ ಅಂಟಿಸಿಕೊಳ್ಳಲು ಮರೆಯಬಾರದು. ಮೊದಲ ವರ್ಷ ಮರೆತು ಬಿಳಿ ಬನಿಯನ್ ಮೇಲೆ ಎರಡು ಕೆಂಪು ಗೆರೆ ಇಳಿದಿದ್ದವು. ಪಟ್ಟಣದ ದೊಡ್ಡ ಓಟಗಳ ನೂಕುನುಗ್ಗಲು ಇಲ್ಲಿಲ್ಲ, ಪೂರ್ತಿಯವರ ಗುಂಪು ಚಿಕ್ಕದು, ಗಂಟೆಯೊಳಗೆ ಅರ್ಧ ಜನರ ಮುಖ ಪರಿಚಯ ಆಗುತ್ತದೆ.

ಬೆಳಕು ಹರಿಯುವಾಗ ಗದ್ದೆ ಮೇಲೆ ಮಂಜು, ಬೆಳ್ಳಕ್ಕಿ, ಎದುರಿಗೆ ಹಾಲಿನ ಕ್ಯಾನ್ ಕಟ್ಟಿಕೊಂಡ ಬೈಕುಗಳು. ಮೈ ಹಗುರ. ಗಡಿಯಾರ ಕಿಲೋಮೀಟರಿಗೆ 6:35, 6:40 ತೋರಿಸುತ್ತಿದೆ, ಯೋಜನೆ 7:07. ಇರಲಿ, ತಂಪಿರುವಾಗ ಗಳಿಸಿಟ್ಟರೆ ಬಿಸಿಲಲ್ಲಿ ಖರ್ಚು ಮಾಡಬಹುದು ಅಂದುಕೊಂಡೆ. ಅಂಗಡಿ ಬುದ್ಧಿ. ಓಟದಲ್ಲಿ ಈ ಉಳಿತಾಯ ನಡೆಯುವುದಿಲ್ಲ. ಮೊದಲು ಉಳಿಸಿದ ಒಂದು ನಿಮಿಷಕ್ಕೆ ಆಮೇಲೆ ನಾಲ್ಕು ನಿಮಿಷ ಬಡ್ಡಿ.

ಏಳನೇ ಕಿ.ಮೀ. ಹತ್ತಿರ ಮೈಸೂರಿನ ಬಸ್ ಡಿಪೋದ ಮೆಕ್ಯಾನಿಕ್ ಒಬ್ಬರು ಸಿಕ್ಕರು, ಐವತ್ತು ದಾಟಿದವರು. ಐದು ನಿಮಿಷ ಓಡುವುದು, ಒಂದು ನಿಮಿಷ ನಡೆಯುವುದು, ಅದೂ ಮೊದಲ ಕಿಲೋಮೀಟರಿನಿಂದಲೇ. "ಈಗ್ಲೇ ಯಾಕ್ ಸಾರ್ ನಡೀತೀರಿ, ಸುಸ್ತಾಯ್ತಾ?" ಅಂದೆ. "ಇಂಜಿನ್ ಕಾದ್ಮೇಲೆ ನೀರ್ ಹಾಕಿ ಏನ್ ಪ್ರಯೋಜನ?" ಅಂದರು. ನಕ್ಕು ಮುಂದೆ ಹೋದೆ.

ಅರ್ಧ ಮುಗಿದಾಗ 2 ಗಂಟೆ 22 ನಿಮಿಷ. ಎಂಟು ನಿಮಿಷ ಮುಂದೆ. ಅದೇ ಜಾಗ, ಅದೇ ತಿಂಡಿ ವಾಸನೆ, ಅರ್ಧದವರು ಮೆಡಲು ಹಿಡಿದು ಫೋಟೋ ತೆಗೆಸಿಕೊಳ್ಳುತ್ತಿದ್ದಾರೆ. ತಲೆ ಮೇಲೆ ನೀರು ಸುರಿದುಕೊಂಡು ನಾನೂ ತಿರುಗಿದೆ. ಒಬ್ಬ ಹುಡುಗ ತಟ್ಟೆ ಹಿಡಿದು ನನ್ನನ್ನೇ ನೋಡುತ್ತಿದ್ದ.

ಎರಡನೇ ಸುತ್ತಿನ ಏರಿ ಅದೇ ಏರಿಯಲ್ಲ. ಜನ ಇಲ್ಲ. ಮುಂದೆ ಇನ್ನೂರು ಮೀಟರಿನಲ್ಲಿ ಒಬ್ಬ, ಹಿಂದೆ ಯಾರೂ ಇಲ್ಲ. ಬಿಸಿಲು ಏರಿತ್ತು. ಬೆಂಗಳೂರಿನಿಂದ ಬಂದ ಮೇಡಂ ಒಬ್ಬರು, ಇದು ಅವರ ಮೂರನೇ ಪೂರ್ತಿಯಂತೆ, ಒಂದೊಂದು ಮರಕ್ಕೂ ಏರಿಯ ಆ ಬದಿ ಈ ಬದಿ ಹಾರುತ್ತ ನೆರಳು ಹಿಡಿದು ಹೋಗುತ್ತಿದ್ದರು. ನಾನೂ ಅವರ ಹಿಂದೆ ಹಾರಿದೆ. ಇನ್ನೊಬ್ಬ ಹುಡುಗ ಬದಿಯಲ್ಲಿ ಕೂತು ಕಾಲುಚೀಲ ಬಿಚ್ಚುತ್ತಿದ್ದ. ಹಿಂದಿನ ವಾರವಷ್ಟೇ ಕೊಂಡ ಹೊಸ ಶೂ, ಹಿಮ್ಮಡಿಯಲ್ಲಿ ನಿಂಬೆಹಣ್ಣಿನ ಗಾತ್ರದ ಬೊಬ್ಬೆ. ನನ್ನ ಹತ್ತಿರ ಉಳಿದಿದ್ದ ಪ್ಲಾಸ್ಟರ್ ಕೊಟ್ಟೆ.

29ರಲ್ಲಿ ಮೆಕ್ಯಾನಿಕ್ ನನ್ನನ್ನು ದಾಟಿದರು. ಏನೂ ಅನ್ನಲಿಲ್ಲ. ಬೆನ್ನು ಮೆಲ್ಲಗೆ ತಟ್ಟಿ, ಐದು ನಿಮಿಷ ಓಡಿ, ಒಂದು ನಿಮಿಷ ನಡೆದು, ಮಾಯವಾದರು.

34ನೇ ಕಿ.ಮೀ. ಮೈಯಲ್ಲಿ ಕೂಡಿಟ್ಟ ಸಕ್ಕರೆ ಸುಮಾರು ಮೂವತ್ತರ ಆಚೆ ಬರಿದಾಗುತ್ತದೆ ಅಂತ ಓದಿದ್ದೆ. ಬರಿದಾಗುವುದು ಅಂದರೆ ಕಾಲು ಸೋಲುವುದು ಅಂದುಕೊಂಡಿದ್ದೆ, ತಲೆಯೂ ಸೋಲುತ್ತದೆ ಅಂತ ಗೊತ್ತಿರಲಿಲ್ಲ. ಮಗ್ಗಿ ಶುರು ಮಾಡಿದೆ. ಹದಿನೇಳೈದ್ಲ ಎಂಬತ್ತೈದು. ಹದಿನೇಳಾರ್ಲ... ಬರಲಿಲ್ಲ. ಉಸಿರಿದೆ, ಉತ್ತರ ಇಲ್ಲ. ಎಂಬತ್ತೈದಕ್ಕೆ ಹದಿನೇಳು ಕೂಡಿಸಲು ನೋಡಿದೆ, ಕೈಬೆರಳು ಹಿಡಿದೆ, ತೊಂಬತ್ತೆಂಟರ ಹತ್ತಿರ ಎಲ್ಲೋ ಕಳೆದುಹೋಯಿತು. ದಿನಾ ನೂರಾರು ಬಿಲ್ಲು ಬಾಯಲ್ಲೇ ಕೂಡಿಸುವ ಮನುಷ್ಯ ನಾನು! ಏರಿ ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟೆ. ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಹುಡುಗಿ, ಎಂಟು-ಒಂಬತ್ತು ವರ್ಷ ಇರಬೇಕು, ನಿಂತು "ಯಾಕಂಕಲ್, ಕಾಲ್ ನೋವಾ?" ಅಂದಳು. "ಹದಿನೇಳಾರ್ಲ ಎಷ್ಟವ್ವ?" ಅಂದೆ. ನನ್ನನ್ನೊಮ್ಮೆ ನೋಡಿ, ಎಮ್ಮೆಯನ್ನೊಮ್ಮೆ ನೋಡಿ, "ನಮ್ಗೆ ಹತ್ತರ ಗಂಟನೇ ಹೇಳ್ಕೊಟ್ಟಿರೋದು" ಅಂದಳು.

ಬೆಲ್ಲದ ಚೂರು ಬೆವರಿಗೆ ಕರಗಿ ಜೇಬಿನ ಬಟ್ಟೆಗೆ ಅಂಟಿಕೊಂಡಿತ್ತು. ಜೇಬನ್ನೇ ಹೊರಗೆಳೆದು ನೆಕ್ಕಿದೆ. ಮುಂದಿನ ನೀರಿನ ಟೇಬಲ್ಲಿನಲ್ಲಿ ಬೇಯಿಸಿದ ಆಲೂಗೆಡ್ಡೆಗೆ ಉಪ್ಪು ಅದ್ದಿ ಮೂರು ತುಂಡು, ಬಾಳೆಹಣ್ಣು ಒಂದು, ಎರಡು ಲೋಟ ಓ.ಆರ್.ಎಸ್. ಹತ್ತು ನಿಮಿಷ ನಡೆದ ಮೇಲೆ ಇದ್ದಕ್ಕಿದ್ದ ಹಾಗೆ, ಯಾರೋ ಕಿವಿಯಲ್ಲಿ ಹೇಳಿದ ಹಾಗೆ ಬಂತು: ನೂರೆರಡು. ಜೋರಾಗಿ ಕೂಗಿದೆ ಅಂತ ಕಾಣುತ್ತದೆ, ನೀರಲ್ಲಿದ್ದ ಬೆಳ್ಳಕ್ಕಿ ಎದ್ದು ಹಾರಿತು.

ಕೊನೆಯ ಆರು ಕಿ.ಮೀ. ಮೆಕ್ಯಾನಿಕ್ ಲೆಕ್ಕ ಹಿಡಿದೆ, ಆದರೆ ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ. 5 ಗಂಟೆ 24 ನಿಮಿಷ. ಎರಡನೇ ಅರ್ಧಕ್ಕೆ 3 ಗಂಟೆ 2 ನಿಮಿಷ, ಕಿಲೋಮೀಟರಿಗೆ 8:38. ಮೆಕ್ಯಾನಿಕ್ 4:58ಕ್ಕೇ ಮುಗಿಸಿ ಕಾಲು ಚಾಚಿ ಕೂತಿದ್ದರು, ಜಾಗ ಮಾಡಿಕೊಟ್ಟರು. ತಿಂಡಿ ಆರಿಹೋಗಿತ್ತು, ಎರಡು ತಟ್ಟೆ ತಿಂದೆ.

ಒಂದು ವಾರದ ಮೇಲೆ

ಮೂರು ದಿನ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದೆ. ಬಲಗಾಲಿನ ಎರಡನೇ ಬೆರಳಿನ ಉಗುರು ಕಪ್ಪಾಗಿದೆ, ಬೀಳುತ್ತದೆ. ಎಡ ಮೊಣಕಾಲು ಮಾತ್ರ ಸುಮ್ಮನಿದೆ, ಕಸರತ್ತು ಬಿಟ್ಟಿಲ್ಲ.

ಮುಂದಿನ ಸಲಕ್ಕೆ ಡೈರಿಯಲ್ಲಿ ಬರೆದದ್ದು: ಮೊದಲ ಹತ್ತು ಕಿಲೋಮೀಟರು ಗಡಿಯಾರಕ್ಕೆ ಪ್ಲಾಸ್ಟರ್ ಅಂಟಿಸುವುದು. ಐದು ನಿಮಿಷಕ್ಕೆ ಒಂದು ನಿಮಿಷ ನಡಿಗೆ, ಶುರುವಿನಿಂದಲೇ, ನಾಚಿಕೆ ಬಿಟ್ಟು. ಬೆಲ್ಲ ಪ್ಲಾಸ್ಟಿಕ್ ಪೊಟ್ಟಣದಲ್ಲಿ.

ಇವತ್ತು 3 ಕಿ.ಮೀ., ಮಗ್ಗಿ ಹತ್ತರ ತನಕ ಎರಡು ಸಲ. ಏರಿ ಮೇಲೆ ಕಬ್ಬಿನ ಟ್ರ್ಯಾಕ್ಟರ್ ಕೆಟ್ಟು ಅಡ್ಡ ನಿಂತಿತ್ತು, ಅಲ್ಲಿಂದಲೇ ವಾಪಸ್ ಬಂದೆ.