ಲಡಾಖ್‌ಗೆ ಮೊದಲು ಕೊಡಗು: ಬೈಕಿಗೆ ಹೆಚ್ಚುವರಿ ಪೆಟ್ರೋಲ್ ಟ್ಯಾಂಕ್ ಕಟ್ಟುವವರಿಗೆ

ಕೊಡಗಿನಲ್ಲಿ ಪೆಟ್ರೋಲ್‌ಗೆ ಬರವಿಲ್ಲ. ಕುಶಾಲನಗರ, ಮಡಿಕೇರಿ, ಸೋಮವಾರಪೇಟೆ, ಗೋಣಿಕೊಪ್ಪ, ವಿರಾಜಪೇಟೆ, ಎಲ್ಲೆಡೆ ಬಂಕ್‌ಗಳಿವೆ. ಜಿಲ್ಲೆಯನ್ನು ಈ ತುದಿಯಿಂದ ಆ ತುದಿಗೆ ದಾಟಿದರೂ ಬುಲೆಟ್‌ನ ಟ್ಯಾಂಕ್ ಅರ್ಧ ಖಾಲಿಯಾಗುವುದಿಲ್ಲ. ಹೀಗಿರುವಾಗ ಬೈಕಿನ ಪಕ್ಕಕ್ಕೆ ಆರು ಲೀಟರಿನ ಅಲ್ಯೂಮಿನಿಯಂ ಟ್ಯಾಂಕ್ ಕಟ್ಟಿಕೊಂಡು ಅಲ್ಲಿ ಸುತ್ತಿದವರನ್ನು ಕಂಡು ಬಂಕಿನ ಹುಡುಗರು ನಗದೆ ಇರುತ್ತಾರೆಯೇ? ನಗಲಿ. ಆ ಟ್ಯಾಂಕ್ ಕೊಡಗಿಗಾಗಿ ಮಾಡಿದ್ದಲ್ಲ. ಅದು ಹೋಗಬೇಕಾದದ್ದು ಮನಾಲಿಯಿಂದ ಲೇಹ್‌ಗೆ. ಕೊಡಗಿಗೆ ಒಯ್ದದ್ದು ಪರೀಕ್ಷೆಗೆ.

ಮನಾಲಿ–ಲೇಹ್ ದಾರಿಯ ತಾಂಡಿ ಬಂಕಿನಲ್ಲಿ ಮುಂದಿನ ಬಂಕ್ 365 ಕಿ.ಮೀ. ದೂರವಿದೆ ಎಂದು ಬರೆದ ಫಲಕವನ್ನು ಫೋಟೊದಲ್ಲಾದರೂ ನೋಡಿರುತ್ತೀರಿ. ನನ್ನದು ಕಾರ್ಬುರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಇರುವ ಹಳೆಯ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350, ಟ್ಯಾಂಕ್ 13.5 ಲೀಟರ್. ಹಿಂದೆ ತಮ್ಮ, ಎರಡೂ ಬದಿಗೆ ಚೀಲ, ಏರು ರಸ್ತೆ ಎಂದಾದರೆ ಲೀಟರಿಗೆ 28 ಕಿ.ಮೀ. ಸಿಕ್ಕರೆ ಪುಣ್ಯ. ಗುಣಿಸಿದರೆ 378 ಕಿ.ಮೀ. ಅಂದರೆ ತಾಂಡಿಯಿಂದ ಹೊರಟು ದಾರಿಯಲ್ಲಿ ಒಮ್ಮೆಯೂ ಅಡ್ಡ ತಿರುಗದೆ, ಎಲ್ಲಿಯೂ ಎಂಜಿನ್ ಸುಮ್ಮನೆ ಓಡಿಸದೆ ಹೋದರೆ ಕೊನೆಯ ಅರ್ಧ ಲೀಟರಿನಲ್ಲಿ ಮುಂದಿನ ಬಂಕ್ ತಲುಪುತ್ತೇವೆ. ಈ ಲೆಕ್ಕವನ್ನು ನಂಬಿಕೊಂಡು ತಮ್ಮನನ್ನು ಕರೆದುಕೊಂಡು ಹೋಗಲು ನನಗೆ ಧೈರ್ಯವಿರಲಿಲ್ಲ.

ಇಂಥ ಟ್ಯಾಂಕ್ ಮಾಡಿದವರು ಮೈಸೂರಿನ ವರ್ತುಲ ರಸ್ತೆಯಲ್ಲಿ ಎರಡು ಸುತ್ತು ಹೊಡೆದು ಸೋರುತ್ತಿಲ್ಲ ಎಂದು ಖುಷಿಪಡುತ್ತಾರೆ. ಸಮತಟ್ಟಾದ ಒಣ ರಸ್ತೆಯಲ್ಲಿ ಸೋರದೆ ಇರುವುದು ದೊಡ್ಡ ಸಂಗತಿಯೇನಲ್ಲ. ಟ್ಯಾಂಕ್ ಕೆಡುವುದು ಮೂರು ಕಾರಣಗಳಿಂದ: ಎತ್ತರ, ಮಳೆ, ಕುಲುಕಾಟ. ಈ ಮೂರೂ ಮೈಸೂರಿನಿಂದ ಅರ್ಧ ದಿನದ ದೂರದಲ್ಲಿ ಒಟ್ಟಿಗೆ ಸಿಗುವ ಜಾಗ ಕೊಡಗು. ಹೋಗುವುದಿದ್ದರೆ ಮಳೆ ಪೂರ್ತಿ ಹಿಂದೆ ಸರಿಯದ ಸೆಪ್ಟೆಂಬರಿನಲ್ಲಿ ಹೋಗಿ. ಅಕ್ಟೋಬರ್ ನಡುವಿನಲ್ಲಿ ತುಲಾ ಸಂಕ್ರಮಣಕ್ಕೆ ಇಡೀ ನಾಡೇ ತಲಕಾವೇರಿಗೆ ಬಂದಿರುತ್ತದೆ; ಆ ವಾರ ಭಾಗಮಂಡಲದ ಕಡೆ ತಲೆ ಹಾಕಬೇಡಿ.

ಜೊತೆಗೆ ಬಂದಿದ್ದ ಗೆಳೆಯನದು ಬೇರೆಯದೇ ವಿಧಾನ. ಎಂಜಿನ್ ಆಯಿಲ್‌ನ ಐದು ಲೀಟರಿನ ಪ್ಲಾಸ್ಟಿಕ್ ಕ್ಯಾನಿಗೆ ನಲ್ಲಿ ಕೂರಿಸಿ, ಹಿಂದಿನ ಕ್ಯಾರಿಯರ್ ಮೇಲೆ ಬಿಗಿದು, ಅಲ್ಲಿಂದ ಪೈಪ್ ಎಳೆದು ಕಾರ್ಬುರೇಟರಿಗೆ ಹೋಗುವ ಪೈಪಿಗೆ ಮೂರು ಬಾಯಿಯ ಜೋಡಣೆ ಹಾಕಿದ್ದ. ಗಾಳಿ ಆಡಲು ಮುಚ್ಚಳದಲ್ಲಿ ಒಂದು ತೂತು. ನೋಡಲು ಬಹಳ ಸರಳ. ಖರ್ಚೂ ಊಟದ ಬಿಲ್ಲಿನಷ್ಟೇ.

ಮೊದಲು ಸಂಪಾಜೆ ಘಾಟಿ ಇಳಿದು ಸುಳ್ಯಕ್ಕೆ ಹೋದೆವು. ಅಲ್ಲಿ ತುಂಬಿಸಿಕೊಂಡು ಮತ್ತೆ ಮಡಿಕೇರಿಗೆ ಏರುವುದು ನಮ್ಮ ಉದ್ದೇಶ. ಮಡಿಕೇರಿ ಸುಮಾರು 1170 ಮೀಟರ್ ಎತ್ತರದಲ್ಲಿದೆ. ಸುಳ್ಯದಿಂದ ಹೆಚ್ಚೂಕಡಿಮೆ ಒಂದು ಸಾವಿರ ಮೀಟರ್ ಏರು. ಅಷ್ಟಕ್ಕೇ ಹೊರಗಿನ ಗಾಳಿಯ ಒತ್ತಡ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಇಳಿಯುತ್ತದೆ. ಮಳೆ ಬಂದೀತೆಂದು ಗೆಳೆಯ ಮುಚ್ಚಳದ ತೂತಿಗೆ ಟೇಪ್ ಅಂಟಿಸಿದ್ದ. ನಲ್ಲಿಯೂ ಮುಚ್ಚಿತ್ತು. ಮಡಿಕೇರಿ ಹತ್ತಿರವಾಗುವಷ್ಟರಲ್ಲಿ ಕ್ಯಾನ್ ಪೂರಿಯಂತೆ ಊದಿಕೊಂಡಿತ್ತು. ಮುಚ್ಚಳ ಸಡಿಲಿಸಿದಾಗ ಬುಸ್ಸೆಂದು ಪೆಟ್ರೋಲ್ ಚಿಮ್ಮಿತು. ಅದರ ಕೆಳಗೆ ಒಂದು ಗೇಣು ದೂರದಲ್ಲಿ ಕಾದ ಸೈಲೆನ್ಸರ್. ಲಡಾಖಿನ ತಂಗ್ಲಾಂಗ್ ಲಾ ಕಣಿವೆದಾರಿ 5300 ಮೀಟರಿಗಿಂತ ಎತ್ತರದಲ್ಲಿದೆ. ಅಲ್ಲಿ ಒತ್ತಡ ಸಮುದ್ರಮಟ್ಟದ ಅರ್ಧದ ಆಸುಪಾಸಿಗೆ ಬರುತ್ತದೆ. ಆ ಕ್ಯಾನ್ ಅಲ್ಲಿ ಏನಾಗುತ್ತಿತ್ತೆಂದು ನೀವೇ ಊಹಿಸಿ.

ಟೇಪ್ ಕಿತ್ತು ಹಾಕಿದ. ಮರುದಿನ ಚೇರಂಬಾಣೆ ದಾಟುವಾಗ ಮಳೆ ಹಿಡಿದುಕೊಂಡಿತು, ಭಾಗಮಂಡಲದವರೆಗೂ ಬಿಡಲಿಲ್ಲ. ಅಲ್ಲಿಂದ ನಾಪೋಕ್ಲು ಕಡೆಗೆ ತಿರುಗಿ, ಕ್ಯಾನಿನ ನಲ್ಲಿ ತೆರೆದ ಸ್ವಲ್ಪ ಹೊತ್ತಿಗೆ ಅವನ ಎಂಜಿನ್ ಕೆಮ್ಮಿ ಕೆಮ್ಮಿ ನಿಂತಿತು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ. ಎಥನಾಲ್ ಸ್ವಲ್ಪ ನೀರನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎಥನಾಲೂ ನೀರೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ನಲ್ಲಿ ಇರುವುದೂ ತಳದಲ್ಲೇ! ಕಾರ್ಬುರೇಟರಿನ ಬಟ್ಟಲಿನ ತಿರುಪು ಸಡಿಲಿಸಿ, ಬಂದದ್ದನ್ನು ಬಾಟಲಿಗೆ ಹಿಡಿದು ನೋಡಿದೆವು. ಅಡಿಯಲ್ಲಿ ಎರಡು ಬೆರಳು ದಪ್ಪದ ಬೇರೆ ಬಣ್ಣದ ಪದರ.

ತೂತು ಬಿಟ್ಟರೆ ಮಳೆ ಒಳಗೆ, ಮುಚ್ಚಿದರೆ ಟ್ಯಾಂಕ್ ಊದುತ್ತದೆ. ಮುಚ್ಚಿಟ್ಟು ನಲ್ಲಿ ತೆರೆದರೆ ಒಳಗೆ ಗಾಳಿ ಹೋಗದೆ ಪೆಟ್ರೋಲ್ ಇಳಿಯುವುದೇ ನಿಲ್ಲುತ್ತದೆ. ಇದಕ್ಕೆ ಪರಿಹಾರ ಒಂದೇ: ಮುಚ್ಚಳದಿಂದ ಒಂದು ಸಣ್ಣ ಪೈಪನ್ನು ಮೇಲಕ್ಕೆ ಒಯ್ದು, ಬಳಸಿ ಕೆಳಗಿಳಿಸಿ, ಅದರ ತುದಿಯನ್ನು ಸೈಲೆನ್ಸರಿನಿಂದ ದೂರದಲ್ಲಿ ನೆಲದ ಕಡೆಗೆ ಬಿಡುವುದು. ಬೈಕ್ ಬಿದ್ದರೆ ಪೆಟ್ರೋಲ್ ಹೊರಗೆ ಬಾರದಂತೆ ತಡೆಯುವ ಸಣ್ಣ ವಾಲ್ವ್ ಕೂಡ ಅದರಲ್ಲಿ ಇದ್ದರೆ ಇನ್ನೂ ಒಳ್ಳೆಯದು.

ಈ ಪೈಪ್ ಸಿಕ್ಕಿದ್ದು ನಾಪೋಕ್ಲುವಿನಲ್ಲಿ, ಒಂದು ಊಟದ ಹೋಟೆಲಿನ ದೆಸೆಯಿಂದ. ಪೇಟೆಯೊಳಗೆ, ಹೆಸರಿನ ಫಲಕವಿಲ್ಲದ, ನಾಲ್ಕೇ ಮೇಜುಗಳ ಹೋಟೆಲು. ನಡೆಸುವ ಅಕ್ಕ ನಾವು ಒದ್ದೆಯಾಗಿ ಬಂದದ್ದನ್ನು ಕಂಡು ಏನನ್ನೂ ಕೇಳದೆ ಮೊದಲು ಬೆಲ್ಲದ ಕರಿ ಕಾಫಿ ತಂದಿಟ್ಟರು. ಆಮೇಲೆ ಅಕ್ಕಿ ತರಿಯ ಕಡುಬಾದ ಕಡಂಬುಟ್ಟು, ಹಂದಿ ಮಾಂಸದ ಪಂದಿ ಕರಿ. ಮಡಿಕೇರಿಯ ಪ್ರವಾಸಿ ಹೋಟೆಲುಗಳಲ್ಲಿ ಪಂದಿ ಕರಿ ಎಂದು ಕೊಡುವುದು ಬಹುಪಾಲು ಕೆಂಪು ಮಸಾಲೆಯ ಸಾರು. ಇಲ್ಲಿಯದು ಕಪ್ಪಗೆ, ಒಣಕಲಾಗಿ, ಹುರಿದ ಮೆಣಸು ಜೀರಿಗೆಯ ಘಮದೊಂದಿಗೆ, ಕೊನೆಯಲ್ಲಿ ನಾಲಿಗೆಯ ಬದಿಗೆ ಕಾಚಂಪುಳಿ ಎಂಬ ಹಣ್ಣಿನ ಕಪ್ಪು ರಸದ ಹುಳಿ. ಕೊಬ್ಬು ಕರಗಿ ಕಡಂಬುಟ್ಟಿನ ಒಳಗೇ ಇಳಿದಿತ್ತು. ಮಾಂಸ ತಿನ್ನದ ತಮ್ಮನಿಗೆ ನೂಪುಟ್ಟಿನ (ಅಕ್ಕಿ ಶ್ಯಾವಿಗೆ) ಜೊತೆ ಕಣಿಲೆ (ಎಳೆ ಬಿದಿರು) ಪಲ್ಯ ಬಂತು. ಇನ್ನೊಂದು ಬಡಿಸಲೇ ಎಂದು ಅಕ್ಕ ಕೇಳಲೇ ಇಲ್ಲ, ಬಡಿಸಿಬಿಟ್ಟರು. ಮೂವರ ಊಟ ಮುಗಿದಾಗ ಬಿಲ್ 400 ರೂಪಾಯಿ ಮುಟ್ಟಿರಲಿಲ್ಲ. ಮಧ್ಯಾಹ್ನ ಎರಡರೊಳಗೆ ಹೋಗಿ, ಆಮೇಲೆ ಪಾತ್ರೆ ತೊಳೆದಿಡುತ್ತಾರೆ. ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ (ಕೊಡವರ ಆಯುಧ ಪೂಜೆಯ ಹಬ್ಬ) ಸಮಯದಲ್ಲಿ ಬಾಗಿಲು ತೆರೆದೀತೆಂದು ನಂಬಬೇಡಿ.

ಕೈ ತೊಳೆಯುವಾಗ ಗೆಳೆಯ ಪೈಪಿನ ಗೋಳು ಹೇಳಿಕೊಂಡ. "ತೋಟದ ಮೆಷಿನ್ ಅಂಗಡಿಗೆ ಹೋಗಿ, ಎಲ್ಲ ಇರುತ್ತದೆ" ಎಂದರು ಅಕ್ಕ. ಇದ್ದವು! ಕೊಡಗಿನ ತೋಟಗಳಲ್ಲಿ ಕಳೆ ಕೊಚ್ಚುವ ಯಂತ್ರ, ಔಷಧಿ ಸಿಂಪಡಿಸುವ ಪಂಪು, ಮರ ಕೊಯ್ಯುವ ಗರಗಸ ಎಲ್ಲವೂ ಪೆಟ್ರೋಲಿನವು. ಹಾಗಾಗಿ ಪೆಟ್ರೋಲ್ ತಡೆಯುವ ರಬ್ಬರ್ ಪೈಪು, ಸಣ್ಣ ಫಿಲ್ಟರು, ಕ್ಲಿಪ್ಪು ಇಂಥ ಅಂಗಡಿಗಳಲ್ಲಿ ಮೀಟರ್ ಲೆಕ್ಕದಲ್ಲಿ, ಬಿಡಿ ಲೆಕ್ಕದಲ್ಲಿ ಸಿಗುತ್ತವೆ. ನಾಪೋಕ್ಲು, ವಿರಾಜಪೇಟೆ, ಗೋಣಿಕೊಪ್ಪ ಯಾವ ಪೇಟೆಯಲ್ಲಾದರೂ ವಿಚಾರಿಸಿ. ಅಕ್ವೇರಿಯಂಗೆ ಹಾಕುವ ಪಾರದರ್ಶಕ ಪೈಪನ್ನು ಮಾತ್ರ ಬಳಸಬೇಡಿ; ಪೆಟ್ರೋಲಿಗೆ ಅದು ಗಟ್ಟಿಯಾಗಿ ಬಿರಿಯುತ್ತದೆ. ಎಂ-ಸೀಲ್ ಮೆತ್ತಿದ ಜೋಡಣೆಯ ಮೇಲೂ ಭರವಸೆ ಇಡಬೇಡಿ.

ಗೆಳೆಯನ ವಿಧಾನದಲ್ಲಿ ಇನ್ನೊಂದು ಅಪಾಯವಿದೆ. ಎರಡು ಟ್ಯಾಂಕುಗಳ ನಲ್ಲಿಯೂ ಒಟ್ಟಿಗೆ ತೆರೆದಿದ್ದರೆ ಎತ್ತರದಲ್ಲಿರುವ ಕ್ಯಾನಿನಿಂದ ಪೆಟ್ರೋಲ್ ಮುಖ್ಯ ಟ್ಯಾಂಕಿಗೆ ನುಗ್ಗಿ ಅದರ ಮುಚ್ಚಳದಿಂದ ಹೊರಗೆ ಚೆಲ್ಲಬಹುದು. ಒಂದು ತೆರೆಯುವ ಮೊದಲು ಇನ್ನೊಂದನ್ನು ಮುಚ್ಚಲೇಬೇಕು. ಕಾರ್ಬುರೇಟರಿನ ಬದಲು ಇಂಜೆಕ್ಷನ್ (ಪೆಟ್ರೋಲನ್ನು ಒತ್ತಡದಿಂದ ಸಿಂಪಡಿಸುವ ವ್ಯವಸ್ಥೆ) ಇರುವ ಹೊಸ ಬೈಕುಗಳಲ್ಲಂತೂ ಈ ಜೋಡಣೆಯ ಯೋಚನೆಯೇ ಬೇಡ; ಅಲ್ಲಿ ಪಂಪ್ ಟ್ಯಾಂಕಿನ ಒಳಗಿದ್ದು, ಹೊರಬರುವ ಪೈಪಿನಲ್ಲಿ ಒತ್ತಡ ಬಹಳ ಹೆಚ್ಚು. ಅಂಥವರು ಹೆಚ್ಚುವರಿ ಪೆಟ್ರೋಲನ್ನು ಮುಖ್ಯ ಟ್ಯಾಂಕಿಗೇ ಸುರಿಯಬೇಕು.

ನನ್ನದು ಕಾರ್ಬುರೇಟರ್ ಬೈಕಾದರೂ ನಾನು ಹಿಡಿದದ್ದು ಅದೇ ದಾರಿ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ 2 ಮಿ.ಮೀ. ಅಲ್ಯೂಮಿನಿಯಂ ತಗಡನ್ನು ಆರ್ಗಾನ್ ವೆಲ್ಡಿಂಗ್ ಮಾಡಿಸಿದ ಚಪ್ಪಟೆ ಟ್ಯಾಂಕ್. ಒಳಗೆ ಪೆಟ್ರೋಲ್ ತುಳುಕದಂತೆ ತೂತುಗಳಿರುವ ಅಡ್ಡ ತಗಡು. ಸೈಲೆನ್ಸರ್ ಬಲಕ್ಕಿರುವುದರಿಂದ ಟ್ಯಾಂಕ್ ಎಡಕ್ಕೆ. ಮಂಗಳೂರಿನ ಬಂದರಿನ ಬಳಿ ದೋಣಿ ಎಂಜಿನ್ ಬಿಡಿಭಾಗಗಳ ಅಂಗಡಿಯಲ್ಲಿ ಕೈಯಲ್ಲಿ ಹಿಸುಕುವ ರಬ್ಬರ್ ಉಂಡೆ ಸಿಗುತ್ತದೆ. ಅದನ್ನು ಪೈಪಿನ ನಡುವೆ ಹಾಕಿದ್ದೇನೆ. ಬೈಕ್ ನಿಲ್ಲಿಸಿ, ಎಂಜಿನ್ ತಣಿದ ಮೇಲೆ ಪೈಪಿನ ತುದಿಯನ್ನು ಮುಖ್ಯ ಟ್ಯಾಂಕಿನ ಬಾಯಿಗೆ ಇಟ್ಟು ಹಿಸುಕಿದರೆ ಆಯಿತು. ಓಡುವಾಗ ಎರಡಕ್ಕೂ ಸಂಬಂಧವೇ ಇಲ್ಲ. ಪೂರ್ತಿ ಕಂಠಮಟ್ಟ ತುಂಬಿಸಬೇಡಿ, ಬಿಸಿಗೆ ಹಿಗ್ಗಲು ಸ್ವಲ್ಪ ಜಾಗ ಬಿಡಿ.

ಕಕ್ಕಬೆ ಸುತ್ತಿನ ತೋಟದ ರಸ್ತೆಗಳು ನನ್ನ ಟ್ಯಾಂಕಿನ ಲೋಪಗಳನ್ನೂ ತೋರಿಸಿದವು. ಚೌಕಟ್ಟಿಗೆ ನೇರವಾಗಿ ಬೋಲ್ಟ್ ಬಿಗಿದಿದ್ದ ಮೂಲೆಯಲ್ಲಿ ವೆಲ್ಡಿಂಗ್ ಪಕ್ಕದಲ್ಲೇ ಕೂದಲೆಳೆಯಷ್ಟು ಬಿರುಕು. ಅಲ್ಯೂಮಿನಿಯಂ ಕುಲುಕಾಟಕ್ಕೆ ಬಾಗುವುದಿಲ್ಲ, ಸೀಳುತ್ತದೆ. ಟ್ಯಾಂಕಿಗೆ ಬೋಲ್ಟ್ ಹಾಕದೆ, ದಪ್ಪ ರಬ್ಬರಿನ ಮೇಲೆ ಕೂರಿಸಿ ಪಟ್ಟಿಯಿಂದ ಬಿಗಿಯಿರಿ. ಎರಡನೆಯದು, ಸೈಡ್ ಸ್ಟ್ಯಾಂಡ್ ಕೂಡ ಎಡಕ್ಕೇ ಇದೆ. ತುಂಬಿದ ಟ್ಯಾಂಕ್ ಆರು ಕಿಲೋಗ್ರಾಂನಷ್ಟು ತೂಗುತ್ತದೆ. ಮಳೆಯಲ್ಲಿ ನೆನೆದ ಮಣ್ಣಿನಲ್ಲಿ ಸ್ಟ್ಯಾಂಡ್ ಹೂತು ಬೈಕ್ ನಿಧಾನವಾಗಿ ಮಲಗುತ್ತದೆ. ಅಂಗೈಯಗಲದ ಹಲಗೆ ತುಂಡೊಂದು ಚೀಲದಲ್ಲಿರಲಿ.

ಇನ್ನು ಮಡಿಕೇರಿಯ ಕೋಣೆಯ ಕಥೆ. ಶನಿವಾರ ರಾತ್ರಿ 3,200 ರೂಪಾಯಿಗೆ ಸಿಕ್ಕದ್ದು ಗೋಡೆ ಬೆವರುವ, ಹೊದಿಕೆ ಒದ್ದೆಯಾದ ಒಂದು ಕೋಣೆ. ಬೈಕ್ ನಿಲ್ಲಿಸಲು ಬೇರೆ ಹಣ. ಅದನ್ನೂ ಸಹಿಸಬಹುದಿತ್ತು. ಪೆಟ್ರೋಲ್ ಟ್ಯಾಂಕ್ ಕಂಡು ಗಾಬರಿಯಾದ ವ್ಯವಸ್ಥಾಪಕರು, "ಮುಂದೆ ನಿಲ್ಲಿಸಬೇಡಿ ಸರ್, ಕೆಳಗೆ ನಿಲ್ಲಿಸಿ" ಎಂದು ತೋರಿಸಿದ್ದು ನೆಲಮಾಳಿಗೆಯನ್ನು, ಜನರೇಟರಿನ ಪಕ್ಕದಲ್ಲಿ! ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ತಗ್ಗಿನಲ್ಲೇ ಶೇಖರವಾಗುತ್ತದೆ. ವಾದಿಸಿ ಫಲವಿಲ್ಲವೆಂದು ಟ್ಯಾಂಕ್ ಬಿಚ್ಚಿ ಹಿತ್ತಲಿನ ಬಯಲಿನಲ್ಲಿ ಇಟ್ಟೆವು. ವಾರಾಂತ್ಯದ ಮಡಿಕೇರಿಯಲ್ಲಿ ಉಳಿಯಲೇಬೇಡಿ ಎನ್ನುವುದು ನನ್ನ ಸಲಹೆ. ರಾಜಾಸೀಟ್, ಅಬ್ಬಿ ಜಲಪಾತಗಳಿಗೆ ನಾನು ಹೋಗಲಿಲ್ಲ. ಸೆಲ್ಫಿ ಕೋಲುಗಳ ನಡುವೆ ಜಲಪಾತ ನೋಡುವ ಸಹನೆ ನನಗಿಲ್ಲ. ವಿರಾಜಪೇಟೆಯಲ್ಲಿ ಇದರ ಅರ್ಧ ಬೆಲೆಗೆ ಒಣಗಿದ ಕೋಣೆ ಸಿಕ್ಕಿತು. ಅಲ್ಲಿಂದ ಮಾಕುಟ್ಟ ಘಾಟಿ ಹತ್ತಿರ. ಹೊಸ ಪೈಪ್ ಹಾಕಿದ ಕ್ಯಾನನ್ನು ಅಲ್ಲಿ ಜಡಿಮಳೆಯಲ್ಲೇ ಇಳಿಸಿ ಹತ್ತಿಸಿದೆವು, ಬಾಟಲಿಗೆ ಹಿಡಿದು ನೋಡಿದರೆ ನೀರಿನ ಪದರವಿರಲಿಲ್ಲ.

ಕಾನೂನಿನ ಮಾತು ಸ್ವಲ್ಪ. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಮಾರಾಟಕ್ಕಲ್ಲದ 30 ಲೀಟರ್‌ವರೆಗಿನ ಪೆಟ್ರೋಲಿಗೆ ಪರವಾನಗಿ ಬೇಕಿಲ್ಲ, ಆದರೆ ಅದು ಭದ್ರ ಮುಚ್ಚಳದ ಲೋಹದ ಪಾತ್ರೆಯಲ್ಲಿರಬೇಕು. ಗಾಜು, ಪಿಂಗಾಣಿಯಾದರೆ ಒಂದು ಲೀಟರ್ ಮೀರುವಂತಿಲ್ಲ. ಪ್ಲಾಸ್ಟಿಕ್ ಕ್ಯಾನಿಗೆ ಬಂಕುಗಳಲ್ಲಿ ಇಲ್ಲವೆನ್ನುವುದು ಸುಮ್ಮನೆ ಅಲ್ಲ. ಇನ್ನೊಂದೆಡೆ ಮೋಟಾರು ವಾಹನ ಕಾಯ್ದೆಯ 182ಎ ಕಲಮು, ಅನುಮತಿಯಿಲ್ಲದೆ ವಾಹನವನ್ನು ಮಾರ್ಪಡಿಸಿದರೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ ಎನ್ನುತ್ತದೆ. ಬಿಚ್ಚಿ ಕೆಳಗಿಡಬಹುದಾದ ಟ್ಯಾಂಕ್ ಇದ್ದರೆ ಪೊಲೀಸರಿಗೆ ವಿವರಿಸುವುದು ಸುಲಭ. ತುಂಬಿಸುವಾಗಲೂ ಅದನ್ನು ಬಿಚ್ಚಿ ನೆಲದ ಮೇಲಿಟ್ಟೇ ತುಂಬಿಸಿ, ಸ್ಥಾಯಿ ವಿದ್ಯುತ್ತಿನ ಕಿಡಿಯ ಭಯ ಕಡಿಮೆ.

ಹಿಂದಿರುಗಿದ ಮೇಲೆ ಬಿರುಕನ್ನು ಮುಚ್ಚಿಸಲು ವೆಲ್ಡಿಂಗ್ ಅಂಗಡಿಯವರು ಟ್ಯಾಂಕನ್ನು ಮುಟ್ಟಲು ಒಪ್ಪಲಿಲ್ಲ. ಅವರದು ಸರಿ: ಒಮ್ಮೆ ಪೆಟ್ರೋಲ್ ತುಂಬಿದ ಟ್ಯಾಂಕ್ ಖಾಲಿಯಾದರೂ ಒಳಗಿನ ಆವಿಗೆ ಒಂದು ಕಿಡಿ ಸಾಕು. ಹೊಸ ತಗಡಿನಲ್ಲಿ ಇನ್ನೊಂದು ಟ್ಯಾಂಕ್ ಮಾಡಲು ಕೊಟ್ಟಿದ್ದೇನೆ, ಈ ಸಲ ಬೋಲ್ಟಿಗೆ ಕಿವಿಗಳಿಲ್ಲದೆ. ನೀರು ತುಂಬಿಸಿ, ಆಮೇಲೆ ಸ್ವಲ್ಪ ಗಾಳಿ ಒತ್ತಿ ಸೋಪಿನ ನೊರೆ ಹಚ್ಚಿ ಸೋರಿಕೆ ನೋಡಿದ ಮೇಲೆಯೇ ಹಣ ಕೊಡುವುದೆಂದು ಮಾತಾಗಿದೆ. ಗೆಳೆಯನೂ ಪ್ಲಾಸ್ಟಿಕ್ ಕ್ಯಾನನ್ನು ಅವನ ತೋಟಕ್ಕೆ ನೀರು ಹೊರಲು ಇಟ್ಟುಕೊಂಡು, ನನ್ನಂಥದ್ದೇ ಅಲ್ಯೂಮಿನಿಯಂ ಟ್ಯಾಂಕ್ ಒಂದನ್ನು ಮಾಡಲು ಹೇಳಿದ್ದಾನೆ.