ಈರುಳ್ಳಿ ಬೇರಿನ ತುದಿಯಲ್ಲಿ
ಮಗಳ ಪ್ರಯೋಗಕ್ಕೆಂದು ನೀರಿನ ಲೋಟದ ಮೇಲೆ ಕೂರಿಸಿದ್ದ ಈರುಳ್ಳಿಯಿಂದ ಬೆಳ್ಳನೆಯ ಬೇರುಗಳು ಇಳಿದಿದ್ದವು. ಒಂದರ ತುದಿಯನ್ನು ಕತ್ತರಿಸಿ, ಆಮ್ಲದಲ್ಲಿ ಮೆತ್ತಗಾಗಿಸಿ, ಬಣ್ಣ ಹಾಕಿ, ಗಾಜಿನ ಪಟ್ಟಿಯ ಮೇಲೆ ಅದುಮಿ ಇಂದು ಸೂಕ್ಷ್ಮದರ್ಶಕದಲ್ಲಿ ನೋಡಿದೆವು. ಒಂದು ಕೋಶದಲ್ಲಿ ಆನುವಂಶಿಕ ಮಾಹಿತಿಯನ್ನು ಹೊತ್ತ ಎಳೆಗಳಾದ ವರ್ಣತಂತುಗಳು ನಡುವೆ ಸಾಲಾಗಿ ನಿಂತಿದ್ದರೆ, ಪಕ್ಕದ್ದರಲ್ಲಿ ಅವು ಎರಡು ಗುಂಪುಗಳಾಗಿ ಎದುರುಬದುರು ತುದಿಗಳತ್ತ ಸರಿದಿದ್ದವು. ಈರುಳ್ಳಿ ಕೋಶದ 16 ವರ್ಣತಂತುಗಳೂ ಕೋಶ ವಿಭಜನೆಗೆ ಮೊದಲೇ ತಮ್ಮ ಪ್ರತಿಯನ್ನು ಸಿದ್ಧಪಡಿಸಿಕೊಂಡಿರುವುದರಿಂದ ಎರಡು ಮರಿಕೋಶಗಳಿಗೂ ಪೂರ್ತಿ 16 ದೊರೆಯುತ್ತವೆ. ಪಾಲಾದರೂ ಯಾರಿಗೂ ಕಡಿಮೆಯಾಗದ ಈ ಏರ್ಪಾಡು ನನ್ನನ್ನು ಬಹಳ ಹೊತ್ತು ಹಿಡಿದಿಟ್ಟಿತು. ಸಲಾಮಾಂಡರ್ ಎಂಬ ಉಭಯಚರದ ಕೋಶಗಳಲ್ಲಿ ಇದನ್ನೇ ತಾಳ್ಮೆಯಿಂದ ಗಮನಿಸಿ ಚಿತ್ರಿಸಿದ ಜರ್ಮನ್ ಜೀವವಿಜ್ಞಾನಿ ವಾಲ್ಟರ್ ಫ್ಲೆಮಿಂಗ್, 1882ರಲ್ಲಿ ಇದಕ್ಕೆ ಮೈಟೋಸಿಸ್ ಎಂದು ಹೆಸರಿಟ್ಟರು. ಕಳೆದ ವಾರ ಬಿದ್ದು ತರಚಿಕೊಂಡ ಮಗಳ ಮೊಣಕಾಲಿನಲ್ಲಿ ಹೊಸ ಚರ್ಮ ಮೂಡುತ್ತಿರುವುದೂ ಇದೇ ವಿಭಜನೆಯಿಂದ.